ಹಿಂದಿನ ಸೀಟು

ರಾಜೇಶ್ವರಿ ಬೋರಮಾಳ ಮಾರಿದ್ದು ಮೋಟರ್‌ಸೈಕಲ್ಲಿಗಾಗಿ. ತವರಿನಿಂದ ಬಂದ ಬಂಗಾರವೆಂದರೆ ಅದೊಂದೇ. ಬಮ್ಮಿಗಟ್ಟಿಯಿಂದ ಕಲಘಟಗಿಗೆ ಗಂಡ ಹೆಂಡತಿ ಇಬ್ಬರೂ ದಿನಾ ದುಡಿಯಲು ಹೋಗಬೇಕಿತ್ತು. ಅವಳು ಒಂದು ಖಾಸಗಿ ದವಾಖಾನೆಯಲ್ಲಿ ಆಯಾ, ಯಲ್ಲೇಶ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ. "ಗಾಡಿ ಒಂದಿದ್ರ ಇಬ್ರೂ ಕೂಡೇ ಹೋಗಬಹುದು, ಕೂಡೇ ಬರಬಹುದು" ಎಂದು ಯಲ್ಲೇಶನೇ ಹೇಳಿದ್ದ. ಆ ಮಾತಿಗೆ ಅವಳು ಸೋತಿದ್ದಳು.

ಕೂಡಿ ಹೋದದ್ದು ಒಂದು ಮಳೆಗಾಲ ಮಾತ್ರ. ಆಮೇಲೆ ಅದೇ ಓಣಿಯ ಹುಲಿಗೆಪ್ಪ ಮಿಲ್ಲಿಗೆ ಸೇರಿಕೊಂಡ.

"ನಾಳಿಂದ ನೀ ಬಸ್ಸಿಗೆ ಬಾ" ಎಂದ ಯಲ್ಲೇಶ, ಊಟಕ್ಕೆ ಕೂತಾಗ. "ಹುಲಿಗೆಪ್ಪ ಅರ್ಧಾ ಪೆಟ್ರೋಲ್ ಹಾಕ್ತೀನಿ ಅಂದಾನ. ನಿನಗ ಹೆಂಗೂ ಬಸ್ಸು ಪುಕ್ಕಟ ಐತಲ್ಲ."

"ಬಸ್ಸು ತುಂಬಿ ಬರತೈತ್ರಿ. ನಮ್ಮೂರಾಗ ನಿಲ್ಲಂಗೇ ಇಲ್ಲ."

"ಊರಾನ ಹೆಂಗಸ್ರೆಲ್ಲ ಹೋಗಾಕತ್ತಿಲ್ಲೇನು? ನಿನಗೊಬ್ಬಾಕಿಗೇ ನಿಲ್ಲಂಗಿಲ್ಲೇನು?"

ಅತ್ತೆ ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. ಬೋರಮಾಳದ ಮಾತು ರಾಜೇಶ್ವರಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಬಸ್ಸು ಅವಳು ಹೇಳಿದಂತೆಯೇ ಬಂತು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು, ನಿಲ್ಲದೆ ಹೋಯಿತು. ವಾರದಲ್ಲಿ ಎರಡು ಸಲ, ಮೂರು ಸಲ ಹೀಗೇ ಆಗಿ, ದವಾಖಾನೆಯ ಡಾಕ್ಟರರ ಹೆಂಡತಿ "ಇನ್ನೊಮ್ಮೆ ತಡ ಆದ್ರ ಮನೀಗೇ ಹೋಗವಾ" ಎಂದರು. ಅಂದು ಸಂಜೆ ಅವಳು ದನದ ಕೊಟ್ಟಿಗೆಗೆ ಹೋಗಿ, ಮೋಟರ್‌ಸೈಕಲ್ ಬಂದಾಗಿನಿಂದ ಗೋಡೆಗೆ ಒರಗಿದ್ದ ಯಲ್ಲೇಶನ ಹಳೆಯ ಸೈಕಲ್ಲನ್ನು ಹೊರಗೆಳೆದಳು.

ಸೈಕಲ್ ಅವಳಿಗೆ ಹೊಸದಲ್ಲ. ಯಮನೂರಿನಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿನ ಪೈಪಿನಡಿ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತಿದ್ದಳು. ಆದರೆ ಅಲ್ಲಿಯ ಎರೆಹೊಲದ ದಾರಿ ಸಪಾಟು. ಇಲ್ಲಿ ಬರೀ ಏರು ಇಳಿವು. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡಳು. "ಇದೊಂದು ನೋಡೂದು ಬಾಕಿ ಇತ್ತು" ಎಂದಳು ಸಾವಂತ್ರೆವ್ವ. ಯಲ್ಲೇಶ ತಡೆಯಲಿಲ್ಲ. ಅವನಿಗೆ ಅದರಿಂದ ಖರ್ಚಿರಲಿಲ್ಲ.

ಅವಳು ಮೊದಲು ಹೊರಡುತ್ತಿದ್ದಳು, ಅವನು ಅರ್ಧ ತಾಸು ಬಿಟ್ಟು. ನಡುದಾರಿಯಲ್ಲೆಲ್ಲೋ ಅವನ ಗಾಡಿ ಅವಳನ್ನು ಹಿಂದೆ ಹಾಕುತ್ತಿತ್ತು. ಮೊದಲ ದಿನ ಹಿಂದಿನ ಸೀಟಿನಿಂದ ಹುಲಿಗೆಪ್ಪ ಮುಜುಗರಪಡುತ್ತ "ಬರ್ತೀವ್ರಿ ವೈನೀ" ಎಂದಿದ್ದ. ಆಮೇಲೆ ಅವನೂ ಹೊಲದ ಕಡೆ ಮುಖ ತಿರುಗಿಸತೊಡಗಿದ. ಯಲ್ಲೇಶ ಮಾತ್ರ ದಾರಿಗೆ ಅಡ್ಡ ಬಂದ ಎಮ್ಮೆಗೆ ಒತ್ತುವ ಹಾಗೆ ಹಾರ್ನ್ ಒತ್ತುತ್ತಿದ್ದ. ಗಾಡಿಯ ಹೊಗೆ ಕರಗುವ ತನಕ ಅವಳು ಸೆರಗಿಲ್ಲದೆ ಬರಿಗೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ತುಳಿಯುತ್ತಿದ್ದಳು.

ಕಬ್ಬಿನ ಹಂಗಾಮು ಬಂತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯನ್ನೇ ತುಂಬಿ ಓಡಾಡತೊಡಗಿದವು. ಒಂದು ತಿರುವಿನಲ್ಲಿ ಹೊರಚಾಚಿದ ಕಬ್ಬಿನ ಜಲ್ಲೆ ಅವಳ ಹೆಗಲಿಗೆ ಬಡಿಯಿತು. ಸೈಕಲ್ ಸಮೇತ ರಸ್ತೆ ಬದಿಯ ತಗ್ಗಿಗೆ ಬಿದ್ದಳು. ಎಡಗೈಯ ಮಣಿಕಟ್ಟು ಲಟಕ್ಕೆಂದಿತು. ಟ್ರ್ಯಾಕ್ಟರು ನಿಲ್ಲಲಿಲ್ಲ.

ಹಿಂದೆಯೇ ಕಲಘಟಗಿಗೆ ಹೊರಟಿದ್ದ ಅದೇ ಊರಿನ ಬಾಷಾಸಾಬ ತನ್ನ ತರಕಾರಿ ಟೆಂಪೋ ನಿಲ್ಲಿಸಿ ಅವಳನ್ನು ಮೇಲೆತ್ತುವ ಹೊತ್ತಿಗೆ ಯಲ್ಲೇಶನ ಗಾಡಿಯೂ ಬಂತು. ಹುಲಿಗೆಪ್ಪ ಹಾರಿ ಇಳಿದ.

"ವೈನಿನ್ನ ಕೂಡಿಸ್ಕೊಂಡು ಹೋಗ ನೀ. ನಾ ನಡಕೊಂತ ಬರ್ತೀನಿ."

ಯಲ್ಲೇಶ ಇಳಿಯಲಿಲ್ಲ. ಎಂಜಿನ್ನೂ ಬಂದ್ ಮಾಡಲಿಲ್ಲ. ಹೆಂಡತಿಯ ಬಾತ ಕೈ ನೋಡಿದ, ಮೈಮೇಲಿನ ಕೆಸರು ನೋಡಿದ, ಹೊಲದಿಂದ ಬಂದು ಸುತ್ತ ನಿಂತವರನ್ನು ನೋಡಿದ.

"ನೋಡ್ಕೊಂಡು ಹೊಡೀಬೇಕಿಲ್ಲೋ? ಸಾಬ್ರ, ನೀವು ಹೆಂಗೂ ಟೆಂಪೋದಾಗ ಅದೀರಿ, ದವಾಖಾನಿಗೆ ಬಿಡ್ರಿ. ಆಕಿ ಕೆಲಸ ಮಾಡೂದೂ ಅಲ್ಲೇ. ಲೇ ಹುಲಿಗ್ಯಾ, ಹತ್ತು. ಮಿಲ್ಲಿನ ಗೇಟ್ ಹಾಕ್ತಾರ."

ಹುಲಿಗೆಪ್ಪ ಹತ್ತಲಿಲ್ಲ. ಯಲ್ಲೇಶ ಒಬ್ಬನೇ ಹೋದ. ಬಾಷಾಸಾಬ ಟೊಮೆಟೊ ಬುಟ್ಟಿಗಳನ್ನು ಆಚೆ ಸರಿಸಿ, ಗೋಣಿಚೀಲ ಹಾಸಿ ಅವಳನ್ನು ಕೂರಿಸಿದ. "ಅಳಬ್ಯಾಡವಾ ತಂಗಿ" ಎಂದ. ಅವಳು ಅಳುತ್ತಿರಲಿಲ್ಲ. ನೋವಿಗಿಂತ ನಾಚಿಕೆ ದೊಡ್ಡದಾಗಿ, ಸೈಕಲ್ಲನ್ನೂ ಹಾಕಿಕೊಳ್ಳಿರೆಂದು ಮಾತ್ರ ಕೇಳಿದಳು.

ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಿದ್ದಳು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಎಡಗಡೆಯ ಬ್ರೇಕ್ ಹಿಡಿಯಲು ಬರುತ್ತಿರಲಿಲ್ಲ. ಕಲಘಟಗಿಯ ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಪಗಾರ ಮೊದಲಿನದಕ್ಕಿಂತ ಕಡಿಮೆ. ಬಲಗೈಯ ಒಂದೇ ಬ್ರೇಕಿನ ಮೇಲೆ ಮತ್ತೆ ಸೈಕಲ್ ಹತ್ತಿದಳು. ಇಳಿಜಾರು ಬಂದಲ್ಲಿ ಇಳಿದು ನೂಕಿಕೊಂಡು ನಡೆಯುತ್ತಿದ್ದಳು.

ಹುಲಿಗೆಪ್ಪ ಅವಳು ಬಿದ್ದ ದಿನದಿಂದ ಯಲ್ಲೇಶನ ಗಾಡಿ ಹತ್ತಿರಲಿಲ್ಲ. ಒಂದು ಮುಂಜಾನೆ ಅವಳು ಹಾಗೆ ಸೈಕಲ್ ನೂಕುತ್ತ ಹೋಗುತ್ತಿದ್ದಾಗ ಯಲ್ಲೇಶ ಪಕ್ಕಕ್ಕೆ ಬಂದು ಗಾಡಿ ನಿಧಾನ ಮಾಡಿದ.

"ಸೈಕಲ್ ಇಲ್ಲೇ ರಸ್ತೆ ಬಾಜೂ ದೇವಕ್ಕನ ಮನಿ ಮುಂದ ಹಚ್ಚಿ ಬಾ. ಹಿಂದ ಸೀಟು ಖಾಲಿ ಐತಿ. ಪೆಟ್ರೋಲಿಗೆ ಸ್ವಲ್ಪ ನೀನೂ ಕೊಡಬೇಕಾಗತೈತಿ, ಅಷ್ಟ."

ರಾಜೇಶ್ವರಿ ನಿಂತಳು. ಇಷ್ಟು ತಿಂಗಳು ಕೇಳಬೇಕೆಂದುಕೊಂಡು ಕೇಳದೇ ಉಳಿದಿದ್ದನ್ನು ಕೇಳಿದಳು.

"ಅವತ್ತು ನನ್ನ ಬಿಟ್ಟು ಯಾಕ ಹೋದ್ರಿ?"

"ಯಾವತ್ತು?" ಎಂದ ಯಲ್ಲೇಶ.

ಅವನ ಮುಖವನ್ನು ಅವಳು ದಿಟ್ಟಿಸಿ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದ. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

"ಏನಿಲ್ಲ, ನೀವು ನಡೀರಿ" ಎಂದು ಮತ್ತೆ ಸೈಕಲ್ ನೂಕತೊಡಗಿದಳು.