ಮಡಚದ ಬೆರಳುಗಳ ಮೇಲ್ಮನವಿ

ಅಪ್ಪನ ಬೆರಳುಗಳು ತುಂಡಾಗಿ ಬಿದ್ದಿದ್ದರೆ ಕಾರ್ಮಿಕ ವಿಮೆಯ ಪಿಂಚಣಿ ಸುಲಭವಾಗಿ ಸಿಗುತ್ತಿತ್ತು ಎಂದು ನಮ್ಮ ವಕೀಲರು ಮೊದಲ ಭೇಟಿಯಲ್ಲೇ ಹೇಳಿದ್ದರು. ಹಳಿಯಾಳ ರಸ್ತೆಯ ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ ರೋಲರಿನ ನಡುವೆ ಸಿಕ್ಕ ಬಲಗೈಯಲ್ಲಿ ಐದೂ ಬೆರಳು ಉಳಿದಿದ್ದವು, ಒಂದೂ ಮಡಚುತ್ತಿರಲಿಲ್ಲ. ಕಳೆದುಕೊಂಡ ಬೆರಳಿಗೆ ನಿಯಮದಲ್ಲೇ ಅಂಗವೈಕಲ್ಯದ ಪ್ರಮಾಣ ನಿಗದಿಯಾಗಿದೆ. ಇದ್ದೂ ಸತ್ತ ಬೆರಳಿಗೆ ವೈದ್ಯಕೀಯ ಮಂಡಳಿಯ ಅಭಿಪ್ರಾಯ ಬೇಕು.

ಆ ಮಂಡಳಿಯ ಎದುರು ಅಪ್ಪ ತನ್ನ ಪ್ರಕರಣವನ್ನು ತಾನೇ ಕೆಡಿಸಿಕೊಂಡ. ಗುತ್ತಿಗೆಯಲ್ಲಿ ದುಡಿಯುವವರಲ್ಲಿ ಒಂದು ರೂಢಿಯಿದೆ. ವರ್ಷಕ್ಕೊಮ್ಮೆ ಗೇಟಿನ ಬಳಿ ನಡೆಯುವ ತಪಾಸಣೆಯಲ್ಲಿ ವೈದ್ಯರು ಏನೇ ಕೇಳಲಿ, ಎಲ್ಲ ಸರಿಯಿದೆ ಎನ್ನಬೇಕು. ಬೆನ್ನುನೋವು ಎಂದವನಿಗೆ ಮತ್ತೆ ಗೇಟ್ ಪಾಸು ಸಿಗುವುದಿಲ್ಲ. ವರ್ಷಗಟ್ಟಲೆ ಹಾಗೆ ಹೇಳಿ ಪಳಗಿದ ಬಾಯಿ, ಬಿಳಿ ಕೋಟು ಕಂಡೊಡನೆ ತಾನಾಗಿ ಆಡಿಬಿಟ್ಟಿತು. ಕೆಲಸ ಮಾಡಲು ಆಗುತ್ತದೆಯೇ ಎಂದು ಕೇಳಿದರಂತೆ.

"ಆಗತೈತ್ರಿ ಸಾಹೇಬ್ರ, ಏನೂ ತ್ರಾಸಿಲ್ರಿ."

ಎಡಗೈಯಿಂದ ಅಂಗಿಯ ಗುಂಡಿ ಹಾಕಿ ಬೇರೆ ತೋರಿಸಿ ಬಂದಿದ್ದ. ಗಳಿಕೆಯ ಸಾಮರ್ಥ್ಯ ಕುಂದಿಲ್ಲ, ಕೋರಿಕೆ ತಿರಸ್ಕೃತ ಎಂಬ ಆದೇಶ ಅಂಬೇವಾಡಿಯ ನಮ್ಮ ಮನೆಗೆ ಅಂಚೆಯಲ್ಲಿ ಬಂತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ಮಗಳು ನಾನು ಊರಿಗೆ ಬಂದು ಅವನ ಮೇಲೆಯೇ ರೇಗಿದೆ. ರೇಗಬೇಕಾದದ್ದು ಆ ಕೈಯನ್ನು ಒಮ್ಮೆಯೂ ಮುಟ್ಟಿ ನೋಡದೆ ಸಹಿ ಹಾಕಿದವರ ಮೇಲೆ. ಒಬ್ಬ ಕೂಲಿಯ ಭಯವನ್ನು ಆರೋಗ್ಯವೆಂದು ಬರೆದುಕೊಂಡವರು ನ್ಯಾಯಾಧೀಶರ ಎದುರು ನಿಂತು ಉತ್ತರಿಸಲಿ ಎಂದೇ ವಿಮಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿಸಿದೆ.

ವಿಚಾರಣೆ ಹಲವು ಮುದ್ದತು ಮುಂದೆ ಹೋದ ನಂತರ ಅಪ್ಪನ ಸಾಕ್ಷ್ಯದ ದಿನ ಬಂತು. ಎದುರು ಪಕ್ಷದ ವಕೀಲರು ಮಂಡಳಿಯ ಮುಂದೆ ಅವನಾಡಿದ ಮಾತನ್ನು ಓದಿ, ತುಸು ನಕ್ಕು ಕೇಳಿದರು: "ಅವತ್ತ ಖರೇ ಹೇಳಿದ್ಯೋ, ಇವತ್ತ ಹೇಳ್ತೀಯೋ?"

ನ್ಯಾಯಾಧೀಶೆ ವಕೀಲರನ್ನು ತಡೆದು, ನಿಮ್ಮಿಂದ ಏನೇನು ಆಗುವುದಿಲ್ಲ ಹೇಳಿ ಎಂದು ಅಪ್ಪನನ್ನು ಕೇಳಿದರು. ಅವನು ಒಮ್ಮೆ ನನ್ನತ್ತ ನೋಡಿ ಮುಖ ತಿರುಗಿಸಿದ.

"ಲಾಡಿ ಕಟ್ಟಾಕ ಬರೂದಿಲ್ರಿ. ಹೆಂಡ್ತಿ ಕಟ್ತಾಳ್ರಿ. ಜಳಕಾನೂ ಆಕೀನ ಮಾಡಸ್ತಾಳ್ರಿ."

ಬೆರಳಚ್ಚುಗಾರರು ಅದನ್ನು, ಸಾಕ್ಷಿಯು ದೈನಂದಿನ ಕಾರ್ಯಗಳಿಗೆ ಪರಾವಲಂಬಿ ಎಂದು ಬರೆದುಕೊಂಡರು.

ಮಂಡಳಿಯ ತೀರ್ಮಾನ ರದ್ದಾಯಿತು. ಬೇರೊಂದು ಮಂಡಳಿ ಹೊಸದಾಗಿ ಪರೀಕ್ಷಿಸಬೇಕೆಂದು ಆದೇಶವಾಯಿತು. ಸಹಿ ಹಾಕಿದ ವೈದ್ಯರನ್ನು ಯಾರೂ ಕರೆಸಲಿಲ್ಲ, ಯಾರೂ ಏನನ್ನೂ ಕೇಳಲಿಲ್ಲ. ಗೆದ್ದೆವು ಎಂದು ವಕೀಲರು ಕೈಕುಲುಕಲು ಬಂದಾಗ ಅಪ್ಪ ಎಡಗೈ ಮುಂದೆ ಮಾಡಿದ.

ಮರಳುವಾಗ ಬಸ್ಸಿನಲ್ಲಿ, ಪಕ್ಕದ ಸೀಟು ಖಾಲಿಯಿದ್ದರೂ, ಅವನು ನನ್ನ ಹಿಂದಿನ ಸಾಲಿನಲ್ಲಿ ಕುಳಿತ. ಹಳಿಯಾಳ ದಾಟಿದ ಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಹೇಳಿದ:

"ಹೊಸ ಡಾಕ್ಟರ ಕಡೆ ಹೋಗೂಣವ್ವಾ. ಎಲ್ಲಾ ಹೇಳ್ತೇನಿ. ನೀ ಮಾತ್ರ ಹೊರಗ ಕುಂದ್ರು."

ಹೂಂ ಎಂದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.