ಮರಳಿ ಸಿಕ್ಕಿದ್ದು ಗಿರಿಜಮ್ಮನವರ ಪುಸ್ತಕ ಮಾತ್ರ

ಸ್ನೇಹಿತರೇ, "ನಮ್ಮ ಪುಸ್ತಕಗಳು ಮರಳಿ ಸಿಕ್ಕವು" ಎಂದು ಗೆಳತಿ ಗಿರಿಜಮ್ಮನವರು ಮಧ್ಯಾಹ್ನ ಈ ವಾಟ್ಸಾಪ್ ಗುಂಪಿನಲ್ಲಿ ಬರೆದಿರುವುದು ಸರಿಯಲ್ಲ. ಸಿಕ್ಕಿದ್ದು ಅವರದು ಮಾತ್ರ. ನನ್ನದು ಹೋಯಿತು.

ಶಾಲೆಯ ಕೆಲಸದಿಂದ ನಿವೃತ್ತರಾದ ನಂತರ ನಾವಿಬ್ಬರೂ ಶಾಲಾ ದಿನಗಳ ನೆನಪುಗಳನ್ನು ಒಬ್ಬೊಬ್ಬರು ಒಂದೊಂದು ಪುಸ್ತಕವಾಗಿ ನನ್ನ ಮನೆಯ ಕಂಪ್ಯೂಟರಿನಲ್ಲೇ ಬರೆದೆವು. ಅವರು ನಾಲ್ಕು ತಿಂಗಳಲ್ಲಿ ಮುಗಿಸಿ ಸುಮ್ಮನಾದರು. ನಾನು ನಾಲ್ಕು ವರ್ಷಗಳಿಂದ ಪ್ರತಿದಿನವೂ ತಿದ್ದುತ್ತಿದ್ದೆ. ಕಳೆದ ವಾರ ಹಾರ್ಡ್ ಡಿಸ್ಕ್ ಕೆಟ್ಟಿತು. ಅದನ್ನು ಹೊನ್ನಾಳಿಯ ರಿಪೇರಿ ಅಂಗಡಿಗೆ ಕೊಟ್ಟಿದ್ದೆವು. ಇಂದು ಇಬ್ಬರೂ ಅಲ್ಲಿಗೆ ಹೋದೆವು.

ಅಂಗಡಿಯ ಮಂಜಣ್ಣ ಪರದೆಯನ್ನು ನಮ್ಮತ್ತ ತಿರುಗಿಸಿದರು. "ಗಿರಿಜಮ್ಮಾರ್ದು ಒಂದಕ್ಷರನೂ ಹೋಗಿಲ್ರಿ. ಟೀಚರ್, ನಿಮ್ದು ಮಾತ್ರ ಬರ್ತಿಲ್ಲ."

"ಎರಡೂ ಒಂದೇ ಡಿಸ್ಕಿನಲ್ಲಿದ್ದವಲ್ಲ!" ಎಂದೆ.

"ಅದು ಗರಗರ ಅನ್ನಾಕೆ ಶುರುವಾದ ಮೇಲೂ ನೀವು ದಿನಾ ತೆಗೆದು ತಿದ್ದಿದ್ರಿ. ಅದಕ್ಕೇ ನಿಮ್ದು ಹಾಳಾಗೈತೆ. ಇವರು ಮುಟ್ಟೇ ಇಲ್ಲ, ಹಂಗಾಗಿ ಉಳಿದೈತೆ."

ಗಿರಿಜಮ್ಮ ನನ್ನ ಭುಜ ತಟ್ಟಿದರು. "ಹೋಗ್ಲಿ ಬಿಡ್ರಿ ಅಕ್ಕಾ. ನನ್ ಪುಸ್ತಕದಾಗೆ ನೀವೂ ಇದೀರಲ್ಲ, ಎರಡು ಕಡೆ!"

ಅವರ ಮೊದಲ ಪುಟದಲ್ಲೇ ಹನ್ನೊಂದು ತಪ್ಪುಗಳಿವೆ. ಅವೂ ಒಂದೂ ಬಿಡದೆ ಮರಳಿವೆ. ಅಷ್ಟು ತಪ್ಪುಗಳೊಂದಿಗಾದರೂ ನನ್ನದು ಬರಬಾರದಿತ್ತೇ ಎಂದು ಹೊಟ್ಟೆ ಉರಿಯಿತು; ಮುಚ್ಚಿಡುವುದಿಲ್ಲ.

ಆಗ ಅಲ್ಲಿದ್ದವರು: ಮಂಜಣ್ಣ, ಪ್ರಿಂಟರ್ ರಿಪೇರಿಗೆ ಬಂದಿದ್ದ ನ್ಯಾಮತಿಯ ರುದ್ರೇಶ್, ಅವರ ಪತ್ನಿ ಶಾಂತಾ, ನಾನು ಮತ್ತು ಇನ್ನು ಮುಂದೆ ಲೇಖಕಿ ಎನ್ನಲೇಬೇಕಾದ ಗಿರಿಜಮ್ಮ.