ಮನೆಯ ಯಜಮಾನ

ಪುಣೆಯ ಕನ್ನಡ ಗೆಳೆಯರು ಗಣೇಶೋತ್ಸವಕ್ಕೆ ಆಡುತ್ತಿದ್ದ ಹಳೆಯ ಪ್ರಹಸನದಲ್ಲಿ ಜಂಬದ ಗಂಡನ ಪಾತ್ರ ಯಾವಾಗಲೂ ಧಾರವಾಡದ ಮಾರ್ತಾಂಡರಾಯರದೇ. “ಈ ಮನ್ಯಾಗ ನಂದೇ ಮಾತು ನಡೀತದ” ಎನ್ನಬೇಕಾದಲ್ಲೇ ಅವರಿಗೆ ಮಾತು ಮರೆತುಹೋಗುತ್ತಿತ್ತು. ಪರದೆಯ ಹಿಂದಿನಿಂದ ಹೆಂಡತಿ ರಾಧಾಬಾಯಿ ಅದನ್ನು ಹೇಳಿಕೊಡುವುದು ಎಲ್ಲರಿಗೂ ಕೇಳಿಸಿ, ಸಭೆ ಬಿದ್ದು ಬಿದ್ದು ನಗುತ್ತಿತ್ತು. ರಾಯರಿಗೆ ಮಾತ್ರ ಸಿಟ್ಟು.

ಎಷ್ಟೋ ವರ್ಷಗಳ ಮೇಲೆ ಈ ಸಲ ಮತ್ತೆ ಅದೇ ನಾಟಕ. ಮೊಣಕಾಲು ನೋವಿನ ರಾಧಾಬಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹಟ ಹಿಡಿದು ಬಾಯಿಪಾಠ ಮಾಡಿದ್ದ ರಾಯರು ಆ ಮಾತನ್ನು ತಡವರಿಸದೆ ಹೇಳಿದರು. ಯಾರೂ ನಗಲಿಲ್ಲ. ಸಿಟ್ಟು ತರಿಸುತ್ತಿದ್ದ ಆ ನಗೆಯೇ ಈಗ ಬೇಕೆನಿಸಿ, ಅವರು ಪರದೆಯತ್ತ ನೋಡಿದರು.

ಮುಂದಿನ ಸಾಲಿನಿಂದ ರಾಧಾಬಾಯಿ ಕೇಳಿದರು: “ನನ್ನ ಕೇಳಲಾರದ ಹ್ಯಾಂಗ ಹೇಳಿದ್ರಿ?”